ದರ್ಜಿ ತಗ್ಗಿಸಿದ ಬೆಟ್ಟ

ನೂಲೆದ್ದ ಅಂಚು ಕಂಡರೆ ದರ್ಜಿಯ ಕೈ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಪಕ್ಕದ ಮನೆಯವರ ಕಿಟಕಿ ಪರದೆಗೂ ಕೇಳದೆಯೇ ಹೊಲಿಗೆ ಹಾಕಿ ಬಂದಿದ್ದ ಮಹಾಶಯ. ಅಂಥವನ ಕೈಗೆ ಸೂಜಿ ಕೊಟ್ಟು, ಕಲ್ಲಾದ ಎಲೆಗಳಿಗೆ ಅಂಟಿದ ಮಣ್ಣು ಬಿಡಿಸಲು ಹೆಂಡತಿ ಕೂರಿಸಿದ್ದಳು. ತಪ್ಪು ಯಾರದೆಂದು ನೀವೇ ಹೇಳಿ.

ಅವಳದು ಎಲೆ ಓದುವ ವಿದ್ಯೆ. ಕೋಟ್ಯಂತರ ವರ್ಷಗಳ ಹಿಂದಿನ ಎಲೆಗಳಲ್ಲಿ ಅಂಚಿಗೆ ಗರಗಸದಂಥ ಹಲ್ಲಿರುವ ಜಾತಿಗಳು ಹೆಚ್ಚಿದ್ದರೆ ಅಲ್ಲಿ ಚಳಿ, ನುಣುಪು ಅಂಚಿನವು ಹೆಚ್ಚಿದ್ದರೆ ಸೆಕೆ. ಅದೇ ಕಾಲದ ಕಡಲತೀರಕ್ಕಿಂತ ಚಳಿ ಹೆಚ್ಚಿದ್ದಷ್ಟೂ ಜಾಗ ಎತ್ತರದಲ್ಲಿತ್ತೆಂದು ಲೆಕ್ಕ. ಈ ಎಲೆಗಳು ಸಿಕ್ಕ ಜಾಗದಲ್ಲಿ ಆಗಲೇ ಬೆಟ್ಟ ಎದ್ದಿತ್ತು ಎಂಬುದು ಅವಳ ವಾದ. ಆಗಿನ್ನೂ ಬಯಲು ಎಂಬುದು ಅವಳ ಮೇಷ್ಟ್ರ ಹಟ. ಕಣ್ಣಾರೆ ಕಾಣದೆ ಏನನ್ನೂ ಒಪ್ಪದ ಆ ಮೇಷ್ಟ್ರು ಅವತ್ತು ಸಂಜೆ ಕಲ್ಲು ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ಇಷ್ಟು ವರ್ಷದ ಅಲೆದಾಟವೆಲ್ಲ ಮಣ್ಣುಪಾಲು.

ಮಧ್ಯಾಹ್ನ ಕೋಣೆಯಿಂದ ಅವಳ ಕೂಗು ಕೇಳಿತು.

"ರೀ, ಬೆಟ್ಟ ಕುಸಿದುಹೋಯ್ತು!"

ದರ್ಜಿ ಹೊಲಿಗೆ ಯಂತ್ರ ಬಿಟ್ಟು ಓಡಿದ.

"ಹೋದ ವಾರ ಮೋಡ ಮುಟ್ತಿತ್ತು. ಈಗ ಎಣಿಸಿದ್ರೆ ಸಮುದ್ರದ ಮಟ್ಟಕ್ಕೆ ಬಂದು ಕೂತಿದೆ. ಎಲೆಗಳ ಹಲ್ಲೆಲ್ಲಾ ಎಲ್ಲಿ ಹೋದ್ವು?"

"ಅದು... ಅಂಚೆಲ್ಲಾ ಚಿಂದಿಚಿಂದಿ ಆಗಿತ್ತು ಕಣೇ. ಸೂಜೀಲಿ ಕೆರೆದು ನೀಟು ಮಾಡಿದೆ. ಚೆನ್ನಾಗಿ ಕಾಣ್ತಿಲ್ವಾ?"

ಅವಳು ಬೈಯಲಿಲ್ಲ. ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತಳು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ದರ್ಜಿಗೆ.

ಆಮೇಲೆ ಅವಳು ತಟ್ಟನೆ ತಲೆ ಎತ್ತಿದಳು. "ಕಲ್ಲು ಸೀಳಿದಾಗ ಎರಡು ಹೋಳಲ್ಲೂ ಎಲೆ ಅಚ್ಚು ಬಿದ್ದಿರುತ್ತೆ. ಇವುಗಳ ಜೋಡಿ ಹೋಳುಗಳು ಎಲ್ಲಿ?"

"ಕತ್ತರಿಸೋವಾಗ ಬಟ್ಟೆ ಜಾರದಿರ್ಲಿ ಅಂತ ಮೇಲೆ ಭಾರಕ್ಕೆ ಇಟ್ಕೊಂಡಿದೀನಿ."

"ಅವನ್ನೂ ಕೆರೆದ್ರಾ?"

"ಭಾರಕ್ಕೆ ಯಾಕೆ ಅಲಂಕಾರ?"

ಅರ್ಧ ಕತ್ತರಿಸಿದ ಕೋಟಿನ ಮೇಲೆ ಅವು ಮಕಾಡೆ ಮಲಗಿದ್ದವು. ತಿರುಗಿಸಿದರೆ ಹಲ್ಲೆಲ್ಲ ಇದ್ದಲ್ಲೇ ಇದ್ದವು.

ಸಂಜೆ ಮೇಷ್ಟ್ರು ಭೂತಗನ್ನಡಿ ಹಿಡಿದು ಎಲ್ಲವನ್ನೂ ನೋಡಿದರು. ಕೆರೆದ ಹೋಳುಗಳನ್ನೂ ಅವಳು ಬಚ್ಚಿಡಲಿಲ್ಲ.

"ಇವೇನಮ್ಮಾ, ಇಷ್ಟು ಅಚ್ಚುಕಟ್ಟು?"

"ನಮ್ಮ ಯಜಮಾನ್ರ ಕೈಕೆಲಸ, ಸಾರ್. ಲೆಕ್ಕಕ್ಕಿಲ್ಲ."

ಮೇಷ್ಟ್ರು ಮತ್ತೆ ಹಲ್ಲಿನ ಹೋಳುಗಳಿಗೆ ಮರಳಿದರು. ಬಹಳ ಹೊತ್ತು ಗೊಣಗಿ, ಕೊನೆಗೆ ಕಹಿ ಮಾತ್ರೆ ನುಂಗಿದವರಂತೆ ಹೇಳಿದರು: "ಬೆಟ್ಟ ಇತ್ತಮ್ಮಾ. ನಂದೇ ತಪ್ಪು."

ಅವಳು ನಗುತ್ತ, ಬಾಗಿಲ ಬಳಿ ಕೈ ಹಿಂದೆ ಕಟ್ಟಿ ನಿಂತಿದ್ದ ಗಂಡನ ಕಡೆ ತಿರುಗಿದಳು. ಅವನ ಕಣ್ಣು ಮೇಷ್ಟ್ರ ಕೋಟಿನ ತೋಳಿನ ಮೇಲಿತ್ತು. ಅಲ್ಲಿ ಅಂಚೆಲ್ಲ ನೂಲೆದ್ದಿತ್ತು. ಅವನು ಉಸಿರು ಬಿಗಿಹಿಡಿದು ನಿಂತಿದ್ದ.

"ಅದನ್ನ ಮುಟ್ಟಬಹುದು ರೀ," ಎಂದಳು.