ಗಯೆಯಲ್ಲಿ ಬಿಟ್ಟದ್ದು

ಪ್ರಹ್ಲಾದರಾಯರ ಮಾನ ಹೋದದ್ದು ಸಿರುಗುಪ್ಪದಲ್ಲಿ. ಹೋಯಿತೆಂದು ಅವರಿಗೆ ಪೂರಾ ತಿಳಿದದ್ದು ಕುರುಗೋಡಿನಲ್ಲಿ. ಬಳ್ಳಾರಿಗೆ ಮರಳಿದ ಮೇಲೆ ಅವರು ಹನುಮಂತದೇವರ ಕಟ್ಟೆಯ ಮೇಲೆ ಕೂತು ಬಾಳಿನ ವಿಚಾರ ಎತ್ತಿದ್ದನ್ನು ಯಾರೂ ಕೇಳಿಲ್ಲ. ಅದಕ್ಕೆ ಮುಂಚೆ ಅವರಿಗೆ ಅದನ್ನು ಬಿಟ್ಟರೆ ಬೇರೆ ಮಾತೇ ಇರಲಿಲ್ಲ.

ರಾಯರು ಕಚೇರಿಯಲ್ಲಿ ಮುನ್ಷಿಗಳಾಗಿ ತಲೆ ನೆರೆಸಿಕೊಂಡವರು. ಸಂಜೆಯಾದರೆ ಬ್ರೂಸ್‌ಪೇಟೆಯ ಆ ಕಟ್ಟೆ ಅವರದು. ತಾವೇ ಪ್ರಶ್ನೆ ಹಾಕುವರು, ತಾವೇ ಉತ್ತರ ಕೊಡುವರು.

"ತುಂಬಿದ ಬಾಳು ಅಂದ್ರ ಏನು? ಹೊಳಿ ದಂಡಿಗೆ ಒಂದು ಸಣ್ಣ ಮನಿ. ಹಿತ್ತಲ ಬಾಗಿಲಾ ತೆಗದ್ರ ನೀರು. ಬೆಳಿಗ್ಗೆ ಮೈತುಂಬ ಸ್ನಾನ, ಮಧ್ಯಾಹ್ನ ಒಂದು ಊಟ, ಸಂಜಿಗೆ ನಮ್ಮವರು ಅನ್ನೋರ ಜೋಡಿ ಕೂತು ನಾಕು ಮಾತು. ಇಷ್ಟ. ಇದಕ್ಕಿಂತ ಹೆಚ್ಚಿಗಿ ಬೇಡಿದಾವ ಬಡವ!"

ಕೇಳಿದವರು ತಲೆದೂಗುತ್ತಿದ್ದರು. ಇಂಥ ದೊಡ್ಡ ಮಾತು ಇಷ್ಟು ಸರಳವಾಗಿ ಹೇಳಲು ರಾಯರಿಗೇ ಸಾಧ್ಯ ಎನ್ನುತ್ತಿದ್ದರು. ರಾಯರು ಅಲ್ಲಗಳೆಯುತ್ತಿರಲಿಲ್ಲ.

ಆ ಮಾತು ರಾಯರದಲ್ಲ. ಅದು ಅವರ ಹೆಂಡತಿ ತುಳಸಮ್ಮನದು. ಸಿರುಗುಪ್ಪದ ತುಂಗಭದ್ರೆಯಲ್ಲಿ ಈಜಾಡಿ ಬೆಳೆದ ಹುಡುಗಿ ಬಳ್ಳಾರಿಯ ಸವಳು ಬಾವಿಗೆ ಸೊಸೆಯಾಗಿ ಬಂದಿದ್ದಳು. ಮಡಿನೀರು ಸೇದಿ ಸೇದಿ ಅಂಗೈ ಬೊಬ್ಬೆ ಎದ್ದಿತ್ತು. ಆಗಿನ್ನೂ ಮೀಸೆ ಚಿಗುರುತ್ತಿದ್ದ ಗಂಡ ಬಾವಿಕಟ್ಟೆಗೆ ಬಂದು, "ಮಹಾರಾಣಿಯವರಿಗೆ ಏನು ಬೇಕು?" ಎಂದು ಕಾಡಿದ್ದ. ಅವಳು ಹಗ್ಗ ಬಿಡದೆ ಹೇಳಿದ್ದಳು: ಹೊಳಿ ದಂಡಿಗೆ ಮನಿ, ಹಿತ್ತಲ ಬಾಗಿಲಾ ತೆಗದ್ರ ನೀರು, ಸ್ನಾನ, ಊಟ, ಸಂಜಿಗೆ ನಾಕು ಮಾತು. 'ನಮ್ಮವರು' ಎಂದಿರಲಿಲ್ಲ, 'ನಮ್ಮ ಅಕ್ಕ' ಎಂದಿದ್ದಳು. ಗಂಡನಿಗೆ ಮಾತು ಹಿಡಿಸಿತು. ಮರುದಿನ ಕಚೇರಿಯಲ್ಲಿ ಆಡಿ ತೋರಿಸಿದ. ಹಿರಿಯ ಸಿರಸ್ತೇದಾರರು "ಶಹಬ್ಬಾಸ್" ಎಂದರು. ಅಲ್ಲಿಗೆ ಅದು ಅವನ ಮಾತಾಯಿತು. ಅಕ್ಕನ ಜಾಗದಲ್ಲಿ 'ನಮ್ಮವರು' ಬಂದರು.

ಬಾಗಿಲ ಮರೆಯಿಂದ ತುಳಸಮ್ಮ ಅದನ್ನು ಎಷ್ಟು ಸಲ ಕೇಳಿದ್ದಳೋ. ಮೊದಮೊದಲು ಅವಳಿಗೆ ಹಿಗ್ಗು. ಇಷ್ಟು ಬಾಯಿಪಾಠ ಆದವರು ಕರೆದುಕೊಂಡು ಹೋಗದೆ ಇರುತ್ತಾರೆಯೇ ಎಂದು ನಂಬಿದ್ದಳು. ಆದರೆ ಒಂದು ವರ್ಷ ಕಚೇರಿಯ ಜಮಾಬಂದಿ ಲೆಕ್ಕ ಅಡ್ಡ ಬಂತು, ಒಂದು ವರ್ಷ ಮಗಳ ಮದುವೆ, ಆಮೇಲೆ ಹೊಸ ಕಲೆಕ್ಟರ್ ದೊರೆ, ಆಮೇಲೆ ಬಡ್ತಿ. ಪಿಂಚಣಿ ಆದ ಮೇಲೂ ವಕೀಲರು ಸಲಹೆ ಕೇಳಲು ಬರುತ್ತಾರಲ್ಲ ಎಂಬ ನೆಪ. ನಿಜ ಹೇಳಬೇಕೆಂದರೆ, ಬಳ್ಳಾರಿಯಲ್ಲಿ ರಾಯರು ಬಂದರೆ ನಾಲ್ಕು ಜನ ಎದ್ದು ನಿಲ್ಲುತ್ತಿದ್ದರು. ಹೊಳೆ ಯಾರಿಗೂ ಎದ್ದು ನಿಲ್ಲುವುದಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನಮ್ಮ ಹಿರಿಯರು ಸುಮ್ಮನೆ ಅಂದಿಲ್ಲ.

ಹೀಗಿರುವಾಗ ದಂಪತಿಗಳು ಕಾಶಿಗೆ ಹೋಗಿಬಂದರು. ರೈಲು ಬಂದ ಮೇಲೆ ಕಾಶಿಗೆ ಹೋದವರು ತಿರುಗಿ ಬರುವುದೂ ಉಂಟಾಗಿತ್ತು. ಗಯೆಯಲ್ಲಿ ಶ್ರಾದ್ಧ ಮುಗಿಸಿ ಅಕ್ಷಯವಟದ ಬುಡದಲ್ಲಿ ನಿಂತವರು ತಮಗೆ ಅತಿ ಪ್ರಿಯವಾದದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕು. ಬಿಟ್ಟದ್ದನ್ನು ಸಾಯುವತನಕ ಮತ್ತೆ ಮುಟ್ಟುವ ಹಾಗಿಲ್ಲ. ಹೆಚ್ಚಿನವರು ಒಂದು ಹಣ್ಣನ್ನೋ ಕಾಯಿಯನ್ನೋ ಬಿಡುತ್ತಾರೆ. ರಾಯರೂ ಒಂದನ್ನು ಬಿಟ್ಟರು. ಏನು ಬಿಟ್ಟರೆಂದು ಮುಂದೆ ಅವರ ಬಾಯಿಂದಲೇ ಕೇಳೋಣ. ಹೆಂಡತಿ ಏನು ಬಿಟ್ಟಳೆಂದು ಅವರು ಕೇಳಲೇ ಇಲ್ಲ.

ಊರಿಗೆ ಬಂದು ಗಂಗಾಸಮಾರಾಧನೆ ಮುಗಿದ ಮೇಲೆ ರಾಯರಿಗೆ ಒಮ್ಮೆಲೇ ಜ್ಞಾನೋದಯವಾಯಿತು. ಗಂಗೆಯಲ್ಲಿ ಮುಳುಗಿ ಬಂದವನು ಇನ್ನೂ ಸವಳು ನೀರಲ್ಲಿ ಮೀಯುವುದೇ? ಗುಟ್ಟಾಗಿ ಸಿರುಗುಪ್ಪಕ್ಕೆ ಹೋಗಿ, ಹೊಳೆಯ ಅಂಚಿಗೆ, ತುಳಸಮ್ಮನ ಅಕ್ಕ ಸತ್ಯಮ್ಮನ ಮನೆಯ ಪಕ್ಕದಲ್ಲೇ ಒಂದು ಮನೆ ಗೊತ್ತುಮಾಡಿ ಬಂದರು. ವಿಧವೆ ಸತ್ಯಮ್ಮನಿಗೆ, "ತಂಗಿಗೆ ಬಾಯಿ ಬಿಡಬ್ಯಾಡ್ರಿ" ಎಂದು ಹೇಳಿಟ್ಟರು. ಆ ಮುದುಕಿ ಸಂತೋಷಕ್ಕೆ ತಾನೇ ಬಗ್ಗಿ ಬಗ್ಗಿ ಇಡೀ ಮನೆ ಸಾರಿಸಿದಳು.

ಅಕ್ಕನಿಗೆ ಗಂಗೆ ಕೊಟ್ಟು ಬರೋಣ ಎಂಬ ನೆವ ಹೇಳಿ, ಮಾಬುಸಾಬನ ಕಮಾನು ಗಾಡಿಯಲ್ಲಿ ರಾಯರು ಹೆಂಡತಿಯನ್ನು ಕೂರಿಸಿಕೊಂಡು ಹೊರಟರು. ದಾರಿಯಲ್ಲಿ ಕುರುಗೋಡಿನಲ್ಲಿ ಹಳೆಯ ಸ್ನೇಹಿತ ಮಧುಸೂದನಾಚಾರ್ಯರ ಮನೆಯಲ್ಲಿ ಇಳಿದರು. ಅವರಿಗೆ ಮಾತ್ರ ಪಿಸುಮಾತಿನಲ್ಲಿ ಗುಟ್ಟು ಬಿಟ್ಟರು. "ಆಡಿದ್ದನ್ನ ಮಾಡಿ ತೋರಿಸೋರು ಅಂದ್ರ ನೀವೇ ನೋಡ್ರಿ ರಾಯರ" ಎಂದರು ಆಚಾರ್ಯರು. ರಾಯರಿಗೆ ಊಟಕ್ಕಿಂತ ಆ ಮಾತು ಹೆಚ್ಚು ರುಚಿಸಿತು.

ಸಿರುಗುಪ್ಪದಲ್ಲಿ ಸತ್ಯಮ್ಮ ಬಾಗಿಲಲ್ಲೇ ಕಾದಿದ್ದಳು. ಗಂಗೆಯ ಗಿಂಡಿ ದೇವರ ಮುಂದಿಟ್ಟಿದ್ದೇ ತಡ, ರಾಯರು ಇಬ್ಬರನ್ನೂ ಪಕ್ಕದ ಮನೆಗೆ ಹೊರಡಿಸಿದರು. ನಡುಮನೆ ದಾಟಿ, ತಾವೇ ಹಿತ್ತಲ ಬಾಗಿಲಿನ ಅಗುಳಿ ತೆಗೆದರು. ಎದುರಿಗೆ ಹೊಳೆ.

"ನೋಡು. ಇನ್ನ ಇದು ನಿನ್ನ ಮನಿ."

ತುಳಸಮ್ಮ ನೋಡಿದಳು. ನೋಡುತ್ತಲೇ ಇದ್ದಳು. ಸೆರಗು ಬಾಯಿಗೆ ಹೋಯಿತು. ರಾಯರು ಆನಂದಬಾಷ್ಪಕ್ಕೆ ಕಾದು ನಿಂತರು.

"ಭಾಳ ಛಂದ ಅದ" ಎಂದಳು. "ಆದ್ರ ನನಗ ಇಲ್ಲಿ ಇರಲಿಕ್ಕೆ ಬರಂಗಿಲ್ರಿ."

"ಯಾಕ?"

"ಗಯಾದಾಗ ಬಿಟ್ಟು ಬಂದೀನಿ."

"ಏನನ್ನ?"

"ಇದನ್ನ. ಹೊಳಿ ದಂಡಿಗೆ ಇರಬೇಕು ಅನ್ನೋದನ್ನ."

ಅರ್ಥವಾದದ್ದೇ ರಾಯರಿಗೆ ಸಿಟ್ಟು ನೆತ್ತಿಗೇರಿತು. "ತಲಿ ನೆಟ್ಟಗ ಅದನ ನಿನಗ? ಜನಾ ಬದನಿಕಾಯಿ ಬಿಡತಾರ, ಪ್ಯಾರಲಹಣ್ಣು ಬಿಡತಾರ! ಇದನ್ನ ಬಿಡು ಅಂತ ಯಾರು ಹೇಳಿದ್ರು?"

"ಎಲ್ಲಾದಕ್ಕಿಂತ ಪ್ರಿಯ ಆದದ್ದು ಬಿಡ್ರಿ ಅಂದ್ರು ಭಟ್ರು. ನನ್ನ ಹತ್ರ ಬ್ಯಾರೆ ಏನಿತ್ತು?"

"ನನ್ನ ಒಂದು ಮಾತು ಕೇಳಬೇಕಿಲ್ಲೋ?"

"ನೀವು ಬಾಜೂಕ ಇದ್ರಿ. ರಾಯಚೂರಿಂದ ಯಾತ್ರಾಕ್ಕ ಬಂದವರ ಜೋಡಿ ನಗಲಿಕ್ಕೆ ಹತ್ತಿದ್ರಿ." ಅವಳ ದನಿಯಲ್ಲಿ ದೂರು ಇರಲಿಲ್ಲ. "ಇನ್ನ ಇದು ಆಗೋದಲ್ಲ ಅಂತ ಅನ್ನಿಸಿತ್ತು. ಆಗದ್ದನ್ನ ಹೊತಗೊಂಡು ಸಾಯೋದಕ್ಕಿಂತ ಅಕ್ಷಯವಟದ ಬುಡಕ್ಕ ಬಿಟ್ಟರ ಛಲೋ ಅಂತ ಬಿಟ್ಟೆ."

ರಾಯರು ಮಠಕ್ಕೆ ಹೋಗೋಣ, ಸ್ವಾಮಿಗಳನ್ನು ಕೇಳೋಣ, ಪ್ರಾಯಶ್ಚಿತ್ತ ಏನಾದರೂ ಇದ್ದೇ ಇರುತ್ತದೆ ಎಂದರು.

"ಬ್ಯಾಡ್ರಿ. ಒಮ್ಮೆ ಬಿಡೋದ ಭಾಳ ಕಷ್ಟ ಆಗಿತ್ತು. ಮತ್ತ ಹಿಡದು ಮತ್ತ ಬಿಡೋದು ನನ್ನ ಕೈಲೆ ಆಗಂಗಿಲ್ಲ."

ಸತ್ಯಮ್ಮ ಗೋಡೆಗೆ ಒರಗಿ ಎಲ್ಲಾ ಕೇಳಿದ್ದಳು. ಅವಳ ಉಗುರಿನ ಸಂದಿಯಲ್ಲಿ ಸಾರಿಸಿದ ಸಗಣಿ ಇನ್ನೂ ಇತ್ತು. ಅವಳು ರಾಯರ ಕಡೆ ತಿರುಗಿ ಕೇಳಿದಳು. "ಮತ್ತ ರಾಯರ, ನೀವೇನು ಬಿಟ್ರಿ?"

ರಾಯರು ಉತ್ತರ ಹುಡುಕುವಷ್ಟರಲ್ಲಿ ತುಳಸಮ್ಮ ಹೇಳಿಬಿಟ್ಟಳು. "ಅವರು ಸಿಟ್ಟು ಬಿಟ್ಟಾರ ಅಕ್ಕಾ."

ಈಗಷ್ಟೇ ಸೂರು ಹಾರುವ ಹಾಗೆ ಕೂಗಿದ್ದ ಗಂಡನ ಬಗ್ಗೆ ಅವಳು ಈ ಮಾತು ಹೇಳಿದಳು. ಸತ್ಯಮ್ಮ ಒಮ್ಮೆ ರಾಯರ ಮುಖ ನೋಡಿ, ಮೂಲೆಯ ಕಸಬರಿಗೆ ಎತ್ತಿಕೊಂಡು ಹೊರಗೆ ಹೋದಳು. ನಿಜ ಹೇಳಲು ಅದೇ ಸಮಯವಾಗಿತ್ತು. ರಾಯರು ಹೇಳಲಿಲ್ಲ. ನಾಚಿಕೆಯಾದರೂ, ಹೆಂಡತಿ ಹೊದಿಸಿದ ಆ ಮಾತಿನ ಶಾಲನ್ನು ಹೊದ್ದುಕೊಂಡು ನಿಂತರು.

ಅಕ್ಕತಂಗಿಯರು ಎರಡು ದಿನ ಒಟ್ಟಿಗೆ ಇದ್ದರು. ಮೂರನೆಯ ದಿನ ಗಾಡಿ ಕಟ್ಟಿಸಿದಾಗ ಮಾಬುಸಾಬ್, "ಯಾಕ್ರಿ ಬುದ್ಧಿ, ಇಲ್ಲೇ ಇರಾಕ ಬಂದೀರಿ ಅಂತ ಸತ್ಯಮ್ಮನೋರು ಅಂತಿದ್ರಲ್ಲ?" ಎಂದ. ರಾಯರು, "ನೀ ಎತ್ತು ಹೊಡಿ" ಎಂದು ಅವನ ಬಾಯಿ ಮುಚ್ಚಿಸಿದರು.

ಕುರುಗೋಡಿನಲ್ಲಿ ಹಾಗೆ ಬಾಯಿ ಮುಚ್ಚಿಸುವಂತಿರಲಿಲ್ಲ. ಮಧುಸೂದನಾಚಾರ್ಯರು ಬೀದಿಗೇ ಬಂದರು. "ಇದೇನು ಇಷ್ಟು ಲಗೂ ಬಂದ್ರಿ? ಗೃಹಪ್ರವೇಶ ಆತೇನು?"

ರಾಯರು ದಾರಿಯುದ್ದಕ್ಕೂ ಉತ್ತರ ಹೊಸೆದುಕೊಂಡು ಬಂದಿದ್ದರು. "ಏನು ಮಾಡೋದು ಆಚಾರ್ಯರ, ನಮ್ಮಾಕಿಗೆ ಹೊಳಿ ಗಾಳಿ ಹಿಡಸಲಿಲ್ಲ. ಎದಿ ಕಟ್ಟತು."

ತುಳಸಮ್ಮ ಆಗತಾನೆ ಗಾಡಿಯಿಂದ ಇಳಿಯುತ್ತಿದ್ದಳು. ಮಾತು ಅವಳಿಗೂ ಕೇಳಿಸಿತು. ಹುಟ್ಟಿದಾಗಿನಿಂದ ಆ ಗಾಳಿ ಕುಡಿದವಳು ತಲೆತಗ್ಗಿಸಿ ಒಳಗೆ ಹೋದಳು.

ಆಚಾರ್ಯರ ಹೆಂಡತಿ ವಿಜಯಾಬಾಯಿ ಬಹಳ ಅಂತಃಕರಣದ ಹೆಂಗಸು. ಎದೆ ಕಟ್ಟಿದೆ ಎಂದು ಕೇಳಿದ್ದೇ ಒಲೆ ಊದಿದಳು. ಮೆಣಸು, ಶುಂಠಿ, ಹಿಪ್ಪಲಿ ಹಾಕಿ ಕಷಾಯ ಕುದಿಸಿ, ಬಟ್ಟಲು ತುಂಬಿ ಎದುರಿಗೆ ಹಿಡಿದಳು. "ಖಾರ ಆದ್ರೂ ಕುಡದ ಬಿಡ್ರಿ. ಬಿಸಿ ಇದ್ದಾಗ ಕುಡದ್ರ ಗುಣ."

ಪಡಸಾಲೆಯಿಂದ ರಾಯರಿಗೆ ಅಡುಗೆಮನೆ ಕಾಣುತ್ತಿತ್ತು. ತುಳಸಮ್ಮ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡಳು. ಒಂದು ಗುಟುಕು ಕುಡಿದಳು, ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಮತ್ತೊಂದು ಗುಟುಕು ಕುಡಿದಳು. ಬಾರದ ರೋಗಕ್ಕೆ ಅವಳು ಔಷಧ ಕುಡಿಯುತ್ತಿದ್ದಳು.

ಆಚಾರ್ಯರು ರಾಯರ ಭುಜ ತಟ್ಟಿದರು. "ನಿಮ್ಮಂಥಾವರ ಬಾಳಿಗೆ ಹೆಂಡ್ತಿ ದೇಹಪ್ರಕೃತಿ ಅಡ್ಡ ಬಂತಲ್ಲ. ಇದಕ್ಕ ಪ್ರಾರಬ್ಧ ಅಂತಾರ."

ರಾಯರಿಗೆ ಕೂತಲ್ಲಿ ಕೂಡಲಾಗಲಿಲ್ಲ. ಎದ್ದವರೇ ಅಡುಗೆಮನೆಯ ಹೊಸ್ತಿಲ ತನಕ ಹೋಗಿ, "ವಿಜಯಾಬಾಯಿ, ಸಾಕು ಬಿಡ್ರಿ. ಆಕಿಗೆ ಏನೂ ಆಗಿಲ್ಲ" ಎಂದರು. ಮನೆಯವರೆಲ್ಲ ತಿರುಗಿದರು. "ನಾ ಸುಳ್ಳು ಹೇಳಿದೆ. ಹೊಳಿ ದಂಡಿ ಮಾತು ನನ್ನದಲ್ಲ, ಆಕೀದು. ಇಷ್ಟು ವರ್ಷ ಆಕಿ ಆಸೇನ ನಾನು ಕಟ್ಟಿ ಮ್ಯಾಲೆ ಕೂತು ಮಾರಿಕೊಂಡು ತಿಂದೆ. ಆಕೀನ ಒಮ್ಮೆಯೂ ಕರಕೊಂಡು ಹೋಗಲಿಲ್ಲ. ಕಡೀಕ ಆಕಿ ಬ್ಯಾಸತ್ತು ಗಯಾದಾಗ ಅದನ್ನ ಬಿಟ್ಟು ಬಂದಾಳ."

"ಮತ್ತ ನೀವು?" ಎಂದರು ಆಚಾರ್ಯರು, ಮೆಲ್ಲಗೆ.

"ಹಾಗಲಕಾಯಿ."

"ನೀವು ಹಾಗಲಕಾಯಿ ತಿನ್ನಂಗೇ ಇಲ್ಲಲ್ಲ?"

"ಅದಕ್ಕ ಬಿಟ್ಟೆ."

ಆಚಾರ್ಯರಿಗೆ ನಗು ಬಂತು. ಬಂದ ನಗು ರಾಯರ ಮುಖ ನೋಡಿ ಅಲ್ಲೇ ನಿಂತಿತು. ರಾಯರು ಸುಳ್ಳು ಹೇಳಿ ಯಮನ ಕೈಯಿಂದಲೂ ತಪ್ಪಿಸಿಕೊಳ್ಳುತ್ತಿದ್ದರೇನೋ, ಆ ಅಡುಗೆಮನೆಯ ಹೊಸ್ತಿಲಲ್ಲಿ ಮಾತ್ರ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ವಿಜಯಾಬಾಯಿ ಕಷಾಯದ ಬಟ್ಟಲನ್ನು ತುಳಸಮ್ಮನ ಕೈಯಿಂದ ಸುಮ್ಮನೆ ತೆಗೆದಿಟ್ಟಳು.

ಮರುದಿನ ಬೆಳಿಗ್ಗೆ ಗಾಡಿ ಬಳ್ಳಾರಿಯ ದಾರಿ ಹಿಡಿಯಿತು. ತಪ್ಪೊಪ್ಪಿಕೊಂಡ ಮೇಲೆ ಹೆಂಡತಿ ಏನಾದರೂ ಅಂದಾಳು, ಅತ್ತಾಳು, ಬೈದಾಳು ಎಂದು ರಾಯರು ಕಾದರು. ಅವಳು ಎರೆಹೊಲದ ಹತ್ತಿ ನೋಡುತ್ತಾ ಕೂತಿದ್ದಳು. ಕೊಳಗಲ್ಲು ಹತ್ತಿರ ಬಂದಾಗ ಅವರೇ ಬಾಯಿ ಬಿಟ್ಟರು.

"ತುಳಸಾ, ಈಗ ಹೇಳು. ಇನ್ನ ಮುಂದ ನಿನಗ ಏನು ಬೇಕು? ಏನ ಕೇಳಿದ್ರೂ ಮಾಡತೀನಿ."

ತುಳಸಮ್ಮ ನಿಜವಾಗಿಯೂ ಯೋಚಿಸಿದಳು. ಹುಬ್ಬು ಗಂಟಿಕ್ಕಿ, ಇಟ್ಟ ಸಾಮಾನು ಮರೆತವಳ ಹಾಗೆ ಬಹಳ ಹೊತ್ತು ಹುಡುಕಿದಳು.

"ಒಂದೂ ನೆನಪಾಗವಲ್ದ್ರಿ" ಎಂದಳು ಕಡೆಗೆ, ತನ್ನದೇ ತಪ್ಪೇನೋ ಎಂಬಂತೆ. "ನಿಮಗ ಏನು ಬೇಕು, ಅದನ್ನ ಹೇಳ್ರಿ. ಅದು ನನಗ ರೂಢಿ ಅದ."

ಪ್ರಹ್ಲಾದರಾಯರು ಹೇಳಲೆಂದು ಬಾಯಿ ತೆರೆದರು. ತಮಗೆ ಬೇಕಾದದ್ದು, ತಮ್ಮದೇ ಆದದ್ದು ಏನಾದರೂ ಇದ್ದೇ ಇರಬೇಕಲ್ಲ. ನಾಲಿಗೆಯ ತುದಿಗೆ ಬಂದು ನಿಂತದ್ದು ಹೊಳಿ ದಂಡಿಯ ಸಣ್ಣ ಮನಿ. ಅದರ ಹಿಂದೆ ಬೇರೆ ಏನೂ ಇರಲಿಲ್ಲ. ಅವರು ಬಾಯಿ ಮುಚ್ಚಿಕೊಂಡು, ಹೆಂಡತಿಗೆ ಮುಖ ಕಾಣದ ಹಾಗೆ ಪಕ್ಕಕ್ಕೆ ತಿರುಗಿ ಕೂತರು.