ಕುರುಗೋಡು ಎಲ್ಲಿಗೆ ಓಡಿ ಹೋಗ್ತೈತಿ

ಬಳ್ಳಾರಿಯಲ್ಲಿ ದೇವರ ಕ್ಯಾಲೆಂಡರು ಖರ್ಚಾದಷ್ಟು ಸಲೀಸಾಗಿ ಬೆಟ್ಟದ ಕ್ಯಾಲೆಂಡರು ಖರ್ಚಾಗುವುದಿಲ್ಲ ಎಂಬ ಸತ್ಯ ಚಿದಾನಂದಪ್ಪನಿಗೆ ಅಂಗಡಿ ಇಟ್ಟ ಮೊದಲ ವರ್ಷವೇ ತಿಳಿಯಿತು. ಲಕ್ಷ್ಮಿ, ಈಶ್ವರ, ಬಾಲಕೃಷ್ಣ ಎಲ್ಲರೂ ಸಂಕ್ರಾಂತಿಯೊಳಗೆ ಖಾಲಿ. ಮದ್ರಾಸಿನ ಏಜೆಂಟ ಅವುಗಳ ಜೊತೆಗೆ ಗಂಟು ಹಾಕಿ ಕಳಿಸುತ್ತಿದ್ದ ವಿಮಾನ ಕಂಪನಿಯ ಹಿಮಾಲಯ, ಆಲ್ಪ್ಸ್, ಕಿಲಿಮಂಜಾರೋಗಳು ಮಾತ್ರ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿರುತ್ತಿದ್ದವು. ಹಿಮದ ಗುಡ್ಡಕ್ಕೆ ಕುಂಕುಮ ಹಚ್ಚಿ ಕೈ ಮುಗಿಯಲು ಬರುವುದಿಲ್ಲ, ಆದ್ದರಿಂದ ಯಾರಿಗೂ ಬೇಡ. ವ್ಯಾಪಾರದವನು ಮಾಲನ್ನು ಬೀದಿಗೆ ಎಸೆಯುತ್ತಾನೆಯೇ? ಚಿದಾನಂದಪ್ಪ ಅವನ್ನೆಲ್ಲ ಬ್ರೂಸ್‌ಪೇಟೆಯ ಮನೆಗೆ ಒಯ್ದು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ಬಳ್ಳಾರಿಗೆ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎನ್ನುತ್ತಾರೆ. ಅಂಥ ಊರಿನಲ್ಲಿ ಅವನ ಮನೆಯೊಳಗೆ ಮಾತ್ರ ವರ್ಷವಿಡೀ ಹಿಮ ಬಿದ್ದಿರುತ್ತಿತ್ತು.

ದಿನಾ ಬೆಟ್ಟ ನೋಡುತ್ತ ಊಟ ಮಾಡುವವನಿಗೆ ಒಂದಲ್ಲ ಒಂದು ದಿನ ಹತ್ತಬೇಕು ಅನಿಸುವುದು ಸಹಜ. ಚಿದಾನಂದಪ್ಪನಿಗೂ ಅನಿಸಿತು. ಆದರೆ ಅವನು ಅವಸರದ ಮನುಷ್ಯನಲ್ಲ. ಹೋಗುವುದು ಒಂದೇ ಸಲ, ಅದು ಸಾಯುವತನಕ ನೆನಪಿರುವಂಥ ಚಾರಣವಾಗಿರಬೇಕು, ಆದ್ದರಿಂದ ಆರಿಸುವಾಗ ಎಡವಬಾರದು ಎಂಬುದು ಅವನ ನಿಲುವು. ಹೀಗೆ ಆರಿಸಲು ಕೂತವನು ವರ್ಷಗಟ್ಟಲೆ ಏಳಲಿಲ್ಲ.

ಆಯ್ಕೆ ಸಮಿತಿ ಭಾನುವಾರ ಸೇರುತ್ತಿತ್ತು. ಸಮಿತಿ ಎಂದರೆ ಚಿದಾನಂದಪ್ಪ ಮತ್ತು ಅವನ ಹೆಂಡತಿಯ ತಮ್ಮ ಮರಿಬಸಪ್ಪ. ಮರಿಬಸಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೇನೇಜರು. ವಾರಕ್ಕೊಮ್ಮೆ ತಲೆಯ ಮೇಲಿನ ತೌಡು ಕೊಡವಿಕೊಂಡು ಬಸ್ಸು ಹತ್ತಿ ಬಂದು, ಅಕ್ಕ ಮಾಡಿದ ಒಗ್ಗರಣೆ ಮಂಡಕ್ಕಿ ತಿನ್ನುತ್ತ ಜಗತ್ತಿನ ಒಂದು ಬೆಟ್ಟವನ್ನು ಹೊಡೆದು ಹಾಕಿ ಸಂಜೆಯ ಬಸ್ಸಿಗೆ ವಾಪಸಾಗುತ್ತಿದ್ದ.

ಎವರೆಸ್ಟಿನ ಬುಡದತನಕದ ದಾರಿ ಮೊದಲೇ ಬಿದ್ದುಹೋಯಿತು. ಚಿದಾನಂದಪ್ಪ ಸ್ನಾನ, ಲಿಂಗಪೂಜೆ ಆಗದೆ ತುತ್ತು ಮುಟ್ಟುವವನಲ್ಲ. ಅಲ್ಲಿ ನೀರೆಲ್ಲ ಗಡ್ಡೆಗಟ್ಟಿರುತ್ತದೆ. ಆಲ್ಪ್ಸ್‌ನಲ್ಲಿ ನೀರು ಸಿಗುತ್ತದೆ, ಆದರೆ ಅಲ್ಲಿನವರು ಸಾರಿನೊಳಗೆ ಏನು ಹಾಕುತ್ತಾರೋ ಹೇಳಲು ಬರುವುದಿಲ್ಲ. ಪೆರು ದೇಶದಲ್ಲಿ ಮುರಿದುಬಿದ್ದ ಊರಿಗೆ ಹೋಗುವ ಹಳೆಯ ಕಲ್ಲುದಾರಿಯೊಂದು ಬಹಳ ದಿನ ಉಳಿದುಕೊಂಡಿತ್ತು.

"ಮಾವ, ಮುರುದು ಬಿದ್ದ ಊರು ನೋಡಾಕ ಅಷ್ಟು ದೂರ ಯಾಕ? ಹಂಪಿ ಇಲ್ಲೇ ಐತಿ," ಎಂದು ಮರಿಬಸಪ್ಪ ಅದನ್ನೂ ಮುಗಿಸಿದ.

ಕಿಲಿಮಂಜಾರೋದ ಬುಡದಲ್ಲಿ ಸಿಂಹಗಳಿವೆ ಎಂದು ಗೊತ್ತಾಯಿತು. ತೆಲುಗು ಬಂದರೆ ಎಲ್ಲಿ ಹೋದರೂ ಬದುಕಬಹುದು ಎಂದು ನಂಬಿದವನು ಚಿದಾನಂದಪ್ಪ, ಸಿಂಹದ ವಿಷಯದಲ್ಲಿ ಮಾತ್ರ ಅವನಿಗೆ ಖಾತರಿ ಇರಲಿಲ್ಲ.

ಅಂಗಡಿಯ ಬಾಗಿಲಿಗೆ ನಿಂತರೆ ಎದುರಿಗೆ ಕಾಣುವುದು ಬಳ್ಳಾರಿ ಗುಡ್ಡ. ಇಡೀ ಊರಿನ ಮೇಲೆ ಕೂತ ಬಂಡೆ, ತುದಿಗೆ ಕೋಟೆ. ಅದನ್ನು ಅವನು ಒಮ್ಮೆಯೂ ಹತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಅದು ಊರಾಗ ಐತೆಲ್ಲೋ," ಎನ್ನುತ್ತಿದ್ದ. ದೂರದ ಬೆಟ್ಟ ನುಣ್ಣಗೆ ಎಂದ ಹಿರಿಯರು ದಡ್ಡರಲ್ಲ.

ಈ ಎಲ್ಲ ಹೊತ್ತಿನಲ್ಲೂ ಅಡುಗೆಮನೆಯಲ್ಲಿ ಅವನ ಹೆಂಡತಿ ಅಕ್ಕನಾಗಮ್ಮ ಇರುತ್ತಿದ್ದಳು. ಸಮಿತಿಯಲ್ಲಿ ಅವಳಿಗೆ ಜಾಗವಿರಲಿಲ್ಲ. ಅವಳನ್ನು ಬಿಟ್ಟರೆಂದಲ್ಲ, ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ ಅಷ್ಟೆ. ಅವಳ ಒಲೆಯ ಮೇಲಿನ ಗೋಡೆಗೂ ಒಂದು ಆಲ್ಪ್ಸ್ ಬಂದಿತ್ತು. ಬೆಳ್ಳಗಿನ ಇಳಿಜಾರು, ಅದರ ಮೇಲೆ ಇರುವೆಯಷ್ಟು ಸಣ್ಣಗೆ ಇಬ್ಬರು, ನಡುವೆ ಒಂದು ಹಗ್ಗ.

"ಇವರನ್ನ ಯಾಕ ಕಟ್ಟ್ಯಾರ್ರಿ?" ಎಂದು ಅವಳು ಮೊದಲ ದಿನವೇ ಕೇಳಿದ್ದಳು.

"ಒಬ್ಬರು ಜಾರಿದ್ರ ಇನ್ನೊಬ್ಬರು ಹಿಡೀತಾರ. ಒಬ್ಬರನ್ನ ಬಿಟ್ಟು ಒಬ್ಬರು ಮುಂದ ಹೋಗಾಕ ಬರಂಗಿಲ್ಲ," ಎಂದು ತಿಳಿದವನ ಗತ್ತಿನಲ್ಲಿ ಹೇಳಿ ಚಿದಾನಂದಪ್ಪ ಮಜ್ಜಿಗೆ ಕೇಳಿದ.

ಅದಾದ ಸ್ವಲ್ಪ ದಿನಕ್ಕೆ ಅವನಿಗೆ ಟೈಫಾಯ್ಡ್ ಆಯಿತು. ಡಾಕ್ಟರೂ ಕೈಚೆಲ್ಲುವಂತಾದಾಗ ಅಕ್ಕನಾಗಮ್ಮ ದೇವರ ಜಗಲಿಯ ಮುಂದೆ ನಿಂತು, ತನ್ನ ತವರಿನ ಮನೆದೇವರಾದ ಕುರುಗೋಡು ದೊಡ್ಡಬಸಪ್ಪನಿಗೆ ಹರಕೆ ಹೊತ್ತಳು. ಇವರು ಎದ್ದು ಕೂತರೆ ತನ್ನ ಸೆರಗಿಗೆ ಇವರ ಶಲ್ಯದ ಗಂಟು ಹಾಕಿಕೊಂಡು, ಬರಿಗಾಲಲ್ಲಿ, ಇಬ್ಬರೂ ಬಳ್ಳಾರಿಯಿಂದ ಕುರುಗೋಡಿನತನಕ ನಡೆದು ಬರುತ್ತೇವೆ ಎಂದಳು. ಬರಿಗಾಲು ಸರಿ, ನಡೆಯುವುದೂ ಸರಿ, ಆದರೆ ಈ ಗಂಟಿನ ಹರಕೆಯನ್ನು ಮನೆತನದಲ್ಲಿ ಯಾರೂ ಕೇಳಿರಲಿಲ್ಲ. ಗಾಬರಿಯಲ್ಲಿ ಅಕ್ಕ ಹರಕೆಯನ್ನೂ ಲಗ್ನವನ್ನೂ ಕಲಸಿಬಿಟ್ಟಿದ್ದಾಳೆ ಎಂದು ಮರಿಬಸಪ್ಪ ತೀರ್ಮಾನಿಸಿದ.

ಚಿದಾನಂದಪ್ಪ ಎದ್ದು ಕೂತ, ಗಂಜಿ ಕುಡಿದ, ಅಂಗಡಿಗೂ ಹೋದ. ಹರಕೆ ಮಾತ್ರ ಹಾಗೆಯೇ ಉಳಿಯಿತು. ಪ್ರತಿ ಚಳಿಗಾಲ ಅಕ್ಕನಾಗಮ್ಮ ನೆನಪಿಸುವಳು. ಪ್ರತಿ ಚಳಿಗಾಲ ಅವನು ಹೇಳುವನು:

"ಹೋಗೋಣಂತ ಬಿಡು. ಕುರುಗೋಡು ಎಲ್ಲಿಗೆ ಓಡಿ ಹೋಗ್ತೈತಿ?"

ಕುರುಗೋಡು ಎಲ್ಲಿಗೂ ಓಡಿ ಹೋಗಲಿಲ್ಲ. ಹೋದದ್ದು ಅಕ್ಕನಾಗಮ್ಮನ ಮೊಣಕಾಲು. ಎಮರ್ಜೆನ್ಸಿ ಮುಗಿದ ವರ್ಷ ಅವಳು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯತೊಡಗಿದಳು. ನಡೆಯುವುದೇನಾದರೂ ಇದ್ದರೆ ಈ ಚಳಿಗಾಲದಲ್ಲೇ ನಡೆದುಬಿಡಿ, ಮುಂದಿನದು ಹೇಳಲಾಗದು ಎಂದು ಡಾಕ್ಟರು ಹೇಳಿದರು. ಅವಳು ಮನೆಗೆ ಬಂದು ಬೆಳಿಗ್ಗೆ ಸಂಜೆ ಮೊಣಕಾಲಿಗೆ ಕರ್ಪೂರದ ಎಣ್ಣೆ ತಿಕ್ಕಲು ಶುರುಮಾಡಿದಳು. ಮನೆಯೆಲ್ಲ ವಾಸನೆ. ಚಿದಾನಂದಪ್ಪ ಅದನ್ನು ವಯಸ್ಸಿನ ಲಕ್ಷಣವೆಂದುಕೊಂಡ.

ಅದೇ ಹೊತ್ತಿಗೆ ಸಮಿತಿ ಒಂದು ನಿರ್ಣಯಕ್ಕೆ ಬಂದಿತ್ತು. ಯಾವ ಬೆಟ್ಟ ಎನ್ನುವುದು ಇತ್ಯರ್ಥವಾಗಿರಲಿಲ್ಲ, ಆದರೆ ಬೆಟ್ಟ ಯಾವುದೇ ಆಗಲಿ, ಕಾಲು ಪಳಗಿರಬೇಕು ಎಂಬುದು ಇತ್ಯರ್ಥವಾಯಿತು. ಚಿದಾನಂದಪ್ಪ ಹಳೇ ಸಾಮಾನಿನ ಅಂಗಡಿಯಿಂದ ಮಿಲಿಟರಿ ಬೂಟು ತಂದ. ಒಂದು ದಿನ ಬೆಳಕು ಹರಿಯುವ ಮೊದಲೇ, ಬೂಟಿನೊಳಗೆ ಹತ್ತಿ ತುರುಕಿಕೊಂಡು, ಯಾರಿಗೂ ಹೇಳದೆ ತಾಲೀಮಿಗೆ ಹೊರಟ. ಎಲ್ಲಿಗೆ ಎಂದು ಯೋಚಿಸಿರಲಿಲ್ಲ. ಕಾಲು ತಾನಾಗಿ ಕುರುಗೋಡಿನ ರಸ್ತೆ ಹಿಡಿಯಿತು. ಹೆಂಡತಿಯ ತವರಿನ ದಾರಿ, ಹೊಸದಾಗಿ ವಿಚಾರಿಸುವ ಕೆಲಸವಿಲ್ಲ.

ಇಳಿಹೊತ್ತಿಗೆ ಧೂಳಿನ ಮೂಟೆಯಂತಾಗಿ ಅವನು ದೊಡ್ಡಬಸಪ್ಪನ ಗುಡಿಯ ಕಟ್ಟೆಯ ಮೇಲೆ ಕುಸಿದು, ಬೂಟು ಕಳಚಿ ಬೊಬ್ಬೆಗಳನ್ನು ನೋಡುತ್ತ ಕೂತ. ಗುಡಿಯ ಅಯ್ಯ ಹೊರಗೆ ಬಂದವರು ಅವನನ್ನು ನೋಡಿದರು. ಬಸ್ಸಿದ್ದೂ ಬಳ್ಳಾರಿಯಿಂದ ನಡೆದು ಬರುವವರು ಒಂದೇ ಕಾರಣಕ್ಕೆ ಬರುತ್ತಾರೆ.

"ಹರಕಿ ಏನ್ರಿ?" ಎಂದರು.

ಕಟ್ಟೆಯ ಮೇಲೆ ಕೂತವರೆಲ್ಲ ತಿರುಗಿ ನೋಡಿದರು. ಹಿಮಾಲಯಕ್ಕೋ ಆಫ್ರಿಕಾಕ್ಕೋ ಹೋಗಲು ಪ್ರಾಕ್ಟೀಸು ಮಾಡುತ್ತಿದ್ದೇನೆ ಎಂದು ಕುರುಗೋಡಿನ ಕಟ್ಟೆಯ ಮೇಲೆ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ.

"ಹೌದ್ರಿ, ಹರಕಿ," ಎಂದ ಚಿದಾನಂದಪ್ಪ. ಹೇಳಿದ ಮೇಲೆ ಅದು ನಿಜವೇ ಎಂದೂ ಅನಿಸಿತು. "ನಮ್ಮ ಮನಿಯಾಕಿ ಹೊತ್ತಿದ್ಲು, ಇಬ್ಬರೂ ನಡಕೊಂಡು ಬರ್ತೀವಂತ. ಆಕಿಗೆ ಮಣಕಾಲು ಹಿಡದಾವ. ಆಕಿ ಪಾಲಿಂದೂ ನಾನೇ ನಡೆದೀನಿ."

"ಆತು ಬಿಡ್ರಿ. ಗಂಡ ನಡೆದ್ರ ಹೆಂಡ್ತಿ ನಡೆದಂಗ," ಎಂದು ಅಯ್ಯ ಅವನ ಕೈಗೆ ಕಾಯಿ ಕೊಟ್ಟು ಮಂತ್ರ ಹೇಳಿ ಒಡೆಸಿದರು. ಹರಕೆಯ ಕಾಯಿ ಒಡೆದರೆ ಹರಕೆ ಮುಗಿದಂತೆ. ಮುಗಿದದ್ದನ್ನು ಮತ್ತೆ ತೀರಿಸಲು ಹೋಗುವುದೆಂದರೆ ದೇವರಿಗೆ ನೆನಪಿನ ಶಕ್ತಿ ಇಲ್ಲವೆಂದು ಆಡಿಕೊಂಡಂತೆ. ಆ ಕಡೆ ಇದು ಸಣ್ಣ ಮಕ್ಕಳಿಗೂ ಗೊತ್ತು.

ಚಿದಾನಂದಪ್ಪ ಬಸ್ಸಿಗೆ ವಾಪಸು ಬಂದ. ಒಂದೇ ದಿನದಲ್ಲಿ ಕಾಲೂ ಪಳಗಿತ್ತು, ಹೆಂಡತಿಯ ಋಣವೂ ಹರಿದಿತ್ತು. ಟವೆಲ್ಲಿನಲ್ಲಿ ಸುತ್ತಿದ್ದ ಕಾಯಿಯ ಹೋಳನ್ನು ಅವಳ ಕೈಗಿಟ್ಟ.

"ನಿನ್ನ ಹರಕಿ ಮುಗೀತು ನೋಡು. ಇಬ್ಬರ ಪಾಲಿಂದೂ ನಾನೇ ನಡೆದು ಬಂದೆ. ಇನ್ನ ನೀ ಆರಾಮ ಇರು."

ಅಕ್ಕನಾಗಮ್ಮ ಕಾಯಿಯನ್ನು ಕಣ್ಣಿಗೊತ್ತಿಕೊಂಡು ಜಗಲಿಯ ಮೇಲಿಟ್ಟಳು. ಅಂದು ಸಂಜೆ ಮನೆಯಲ್ಲಿ ಕರ್ಪೂರದ ವಾಸನೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಆ ಕಾಯಿ ಚಟ್ನಿಯಾಗಿ ದೋಸೆಯ ಪಕ್ಕಕ್ಕೆ ಬಂತು. ಅವನ ತಾಟಿಗೆ ಮಾತ್ರ ಬಂತು.

"ನೀ ಹಾಕ್ಕಳ್ಳಿಲ್ಲ? ಪ್ರಸಾದ ಐತಿ."

"ನಡೆದವರು ನೀವು. ನೀವೇ ತಿನ್ರಿ."

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಆ ದನಿಯಲ್ಲಿ ಮಾತಾಡಿದ್ದಿಲ್ಲ. ಚಿದಾನಂದಪ್ಪ ಕೈ ತಡೆದ. ಅವಳು ಒಲೆಯ ಕಡೆ ತಿರುಗಿ, ಬೆನ್ನು ಹಾಕಿಕೊಂಡೇ ಹೇಳಿದಳು:

"ಲಗ್ನ ಆದಾಗಿಂದ ನಿಮ್ಮ ಬೆನ್ನು ನೋಡ್ಕೋತ ನಡೆದೀನಿ. ಸಂತಿಗೆ ಹೋದ್ರೂ ನೀವು ಮುಂದ, ನಾ ಹಿಂದ. ಸಾವಿಗೆ ಹೋದ್ರೂ ಅಷ್ಟ. ಒಂದ್ಸಲ ಬಾಜೂಕ ನಡೀಬೇಕಂತಿತ್ತು. ಸುಮ್ನ ಕೇಳಿದ್ರ ಮಂದಿ ನಗ್ತಾರ, ದೇವರ ಹೆಸರಿಲೆ ಆದ್ರ ಯಾರೂ ನಗಂಗಿಲ್ಲ ಅಂತ ಬೇಡ್ಕಂಡಿದ್ದೆ. ನೀವು ಅದನ್ನೂ ಒಬ್ಬರೇ ಹೋಗಿ ಮುಗಿಸಿ ಬಂದ್ರಿ."

ಚಿದಾನಂದಪ್ಪನಿಗೆ ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು. ಗೋಡೆಯ ಮೇಲಿನ ಬೆಟ್ಟಗಳೆಲ್ಲ ಅಂದು ಬರೀ ಕಾಗದ ಅನಿಸಿದವು.

ಸುಮ್ಮನೆ ಅವಳನ್ನು ಕರೆದುಕೊಂಡು ಹೋಗಿಬಿಡಬಹುದಿತ್ತಲ್ಲ ಎಂದು ನಿಮಗನಿಸಬಹುದು. ಕಾರಣವಿಲ್ಲದೆ ಗಂಡ ಹೆಂಡತಿ ಗಂಟು ಹಾಕಿಕೊಂಡು ರಸ್ತೆಯಲ್ಲಿ ನಡೆದರೆ ಬ್ರೂಸ್‌ಪೇಟೆ ಒಂದು ತಿಂಗಳು ಬೇರೆ ಮಾತಾಡುವುದಿಲ್ಲ. ಅವಳೇ ಒಪ್ಪುವುದಿಲ್ಲ. ಹೊಸ ಹರಕೆಯೇ ಬೇಕು. ಹರಕೆಗೆ ಒಂದು ಬೇಡಿಕೆ ಬೇಕು. ಚಿದಾನಂದಪ್ಪ ಎರಡು ದಿನ ಅಂಗಡಿಯಲ್ಲಿ ಕೂತು ಯೋಚಿಸಿದ. ಭಾನುವಾರ ಮರಿಬಸಪ್ಪ ಬಂದಾಗ ಸ್ನಾನ ಮಾಡಿ, ಜಗಲಿಯ ಮುಂದೆ ನಿಂತು, ಅಡುಗೆಮನೆಗೆ ಕೇಳುವಂತೆ ಗಟ್ಟಿಯಾಗಿ ಹೇಳಿದ:

"ದೊಡ್ಡಬಸಪ್ಪಾ, ಇಕಿ ಮಣಕಾಲಿಗೆ ಕುರುಗೋಡುತನಕ ನಡೆಯುವಷ್ಟು ಶಕ್ತಿ ಕೊಟ್ರ, ಗಂಟು ಹಾಕ್ಕಂಡು, ಬರಿಗಾಲಾಗ, ಇಬ್ಬರೂ ಕುರುಗೋಡುತನಕ ನಡಕೊಂಡು ಬರ್ತೀವಿ."

ಮರಿಬಸಪ್ಪ ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದ. "ಮಾವ, ನಡೆಯೋ ಶಕ್ತಿ ಕೊಟ್ರ ನಡೀತೀವಿ ಅಂದ್ರ ಇದೆಂಥ ಹರಕಿ? ಇದರಾಗ ದೇವರಿಗೆ ಏನ್ ಬಂತು?"

"ದೇವರಿಗೆ ಏನೂ ಬರಂಗಿಲ್ಲ. ನನಗ ಬರ್ತೈತಿ. ನೀ ಮಂಡಕ್ಕಿ ತಿನ್ನು."

ಸಂಜೆಗೆ ಕರ್ಪೂರದ ವಾಸನೆ ಬಂತು. ಈ ಸಲ ಎಣ್ಣೆ ತಿಕ್ಕಿದವನು ಚಿದಾನಂದಪ್ಪ. ಗಂಡ ಹೆಂಡತಿಯ ಕಾಲು ಹಿಡಿಯುವುದು ಸಣ್ಣ ಮಾತಲ್ಲವಾದ್ದರಿಂದ ಬಾಗಿಲಿಗೆ ಅಗಳಿ ಹಾಕಿಕೊಂಡು ತಿಕ್ಕಿದ. ಚಳಿಗಾಲ ಮುಗಿಯುತ್ತ ಬಂದಾಗ ಡಾಕ್ಟರು ಮೊಣಕಾಲು ಒತ್ತಿ ನೋಡಿ, ಇದು ಇದಕ್ಕಿಂತ ಸುಧಾರಿಸುವುದಿಲ್ಲ ಎಂದರು. ಸುಧಾರಿಸುವುದಿಲ್ಲ ಎಂಬುದನ್ನು ಇಬ್ಬರೂ ಸುಧಾರಿಸಿದೆ ಎಂದು ಕೇಳಿಸಿಕೊಂಡರು.

ಹೊರಟ ದಿನ ಮರಿಬಸಪ್ಪನೇ ಬಂದು ಗಂಟು ಹಾಕಿದ. ಓಣಿ ದಾಟುವ ಮೊದಲೇ ಚಿದಾನಂದಪ್ಪ ಅಭ್ಯಾಸಬಲದಿಂದ ಮುಂದೆ ಹೋದ, ಶಲ್ಯ ಹೆಗಲಿನಿಂದ ಜಾರಿ ಹಿಂದೆ ಉಳಿಯಿತು. ತಿರುಗಿ ಬಂದು ಹೊದ್ದುಕೊಂಡ. ಊರು ದಾಟುವುದರೊಳಗೆ ಇನ್ನೆಷ್ಟೋ ಸಲ ಹಾಗಾಯಿತು. ನಿಧಾನ ನಡೆಯುವುದನ್ನು ಈ ವಯಸ್ಸಿನಲ್ಲಿ ಕಲಿಯುವುದು ಬೊಬ್ಬೆಗಿಂತ ಕಷ್ಟ. ಬರಿಗಾಲಿಗೆ ರಸ್ತೆಯ ಗರಸುಕಲ್ಲು ಚುಚ್ಚುತ್ತಿತ್ತು, ಬೂಟಿನ ತಾಲೀಮು ಯಾವ ಕೆಲಸಕ್ಕೂ ಬರಲಿಲ್ಲ.

ಸಿರುಗುಪ್ಪದ ಬಸ್ಸು ಪಕ್ಕಕ್ಕೆ ಬಂದು ನಿಂತಿತು. "ಜಾಗ ಐತಿ, ಬರ್ರಿ," ಎಂದ ಕಂಡಕ್ಟರ್. ಕಿಟಕಿಯಲ್ಲಿದ್ದ ಒಬ್ಬ ಮುದುಕಿ ಗಂಟು ನೋಡಿ, "ಯವ್ವಾ, ಈ ವಯಸ್ಸಿನಾಗ ಲಗ್ನ ಏನ?" ಎಂದಳು.

"ಹರಕಿ," ಎಂದ ಚಿದಾನಂದಪ್ಪ. ಮುದುಕಿ ಕೈ ಮುಗಿದಳು. ಯಾರೂ ನಗಲಿಲ್ಲ.

ರಾತ್ರಿಗೆ ಕೋಳೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದು, ಮರುದಿನ ಮತ್ತೆ ಹೆಜ್ಜೆ ಹಾಕಿದರು. ಎರಡೂ ಕಡೆ ಹತ್ತಿ ಹೊಲ. ದೂರದಲ್ಲಿ ಕುರುಗೋಡಿನ ಗುಡ್ಡ ಕಾಣತೊಡಗಿದಾಗ ಅಕ್ಕನಾಗಮ್ಮನ ಮೊಣಕಾಲು ಒಮ್ಮೆಲೇ ಮಡಚಿತು. ಗಂಟು ಜಗ್ಗಿ ಚಿದಾನಂದಪ್ಪನ ಕುತ್ತಿಗೆಗೆ ಶಲ್ಯ ಬಿಗಿಯಿತು. ಅವನು ತಿರುಗಿ, ಅವಳು ನೆಲಕ್ಕೆ ತಾಗುವ ಮೊದಲೇ ರಟ್ಟೆ ಹಿಡಿದುಕೊಂಡ. ಇಬ್ಬರೂ ಕಾಲುವೆಯ ಸೇತುವೆಯ ಮೇಲೆ ಕೂತರು. ಇಬ್ಬರಿಗೂ ಏದುಸಿರು.

"ಅಡಿಗಿಮನ್ಯಾಗಿನ ಚಿತ್ರದಾಗ ಇಬ್ಬರು ಅದಾರಲ್ಲ," ಎಂದಳು ಅಕ್ಕನಾಗಮ್ಮ.

"ಹ್ಞೂಂ."

"ಅವರನ್ನ ನೋಡೇ ಗಂಟಿನ ಹರಕಿ ಹೊತ್ತಿದ್ದೆ. ನೀವೇ ಹೇಳಿದ್ರೆಲ್ಲ, ಒಬ್ಬರನ್ನ ಬಿಟ್ಟು ಒಬ್ಬರು ಮುಂದ ಹೋಗಾಕ ಬರಂಗಿಲ್ಲ ಅಂತ."

ಅಷ್ಟು ವರ್ಷ ಆ ಚಿತ್ರದಲ್ಲಿ ಚಿದಾನಂದಪ್ಪ ನೋಡಿದ್ದು ಬೆಟ್ಟವನ್ನು ಮಾತ್ರ. ಗಂಟು ಸಡಿಲಾಗಿತ್ತು, ಅದನ್ನು ಬಿಚ್ಚಿ ತಾನೇ ಮತ್ತೆ ಬಿಗಿಯಾಗಿ ಹಾಕಿದ.

"ಇನ್ನ ಬಾಳ ದೂರ ಐತೇನ್ರಿ?"

"ಐತಿ. ನೋಯ್ತೈತೇನು? ಬಸ್ಸು ಬರ್ತೈತಿ, ಹತ್ತೋಣೇನು?"

ಅಕ್ಕನಾಗಮ್ಮ ಅವನ ಹೆಗಲಿಗೆ ಕೈ ಊರಿ ಎದ್ದಳು.

"ಅವಸರ ಏನೈತ್ರಿ?" ಎಂದಳು. "ಕುರುಗೋಡು ಎಲ್ಲಿಗೆ ಓಡಿ ಹೋಗ್ತೈತಿ?"