ಬಲಗಡೆ ಇಟ್ಟ ಕುರ್ಚಿ

ಎಮೆಟ್ ಟ್ರಾವಿಕ್ ತನ್ನ ಕೊಟ್ಟಿಗೆಯಲ್ಲಿ, ಬಾನೆಟ್ಟು ತೆರೆದು ನಿಲ್ಲಿಸಿದ್ದ ಹಸಿರು ಶೆವೆಲ್ ಕಾರಿನ ಬಲಗಡೆಗೆ ಒಂದು ಕುರ್ಚಿ ಹಾಕಿಟ್ಟಿದ್ದ. ಅಡುಗೆಮನೆಯ ಕುರ್ಚಿ, ಮೇಲೊಂದು ದಿಂಬು. ಆರ್ಡಿತ್ ಒಳಗೆ ಬಂದ ಕೂಡಲೇ ಅದನ್ನು ಗಮನಿಸಿದಳು. ಗಂಡನ ಜೊತೆ ಮಿಷಿಗನ್ನಿನ ಊರೂರು ಸುತ್ತಿ ಹಳೆಯ ಕಾರುಗಳನ್ನು ನೋಡಿದ್ದರೂ, ಅವಳ ಮಂಡಿನೋವನ್ನು ನೆನೆದು ಕುರ್ಚಿ ಹಾಕಿದವರು ಈವರೆಗೆ ಯಾರೂ ಇರಲಿಲ್ಲ.

"ಏನಯ್ಯಾ ಎಮೆಟ್, ನಂಗಿಲ್ವಾ ಕುರ್ಚಿ?" ಎಂದ ಅವಳ ಗಂಡ ಲೈಲ್.

"ನೀನು ನಿಂತ್ಕೊ. ಕಣ್ಣು ಕಾಣದೋನು ಎಲ್ಲಿ ನಿಂತ್ರೇನು."

"ಕಣ್ಣು ಹೋಗಿದೆ ಕಣೋ, ಬಾಯಿ ಹೋಗಿಲ್ಲ."

ಎಮೆಟ್ ನಗಲು ಹೋಗಿ ಕೆಮ್ಮಿದ. ಶ್ವಾಸಕೋಶದ ಕ್ಯಾನ್ಸರು ಅವನನ್ನು ಬೇಲಿಗೂಟದಷ್ಟು ಸಣ್ಣಗೆ ಮಾಡಿತ್ತು. ಒಂದು ದಿನವೂ ಹಳೆ ಕಾರುಗಳ ಮೇಳಕ್ಕೆ ತರದೆ ಟಾರ್ಪಾಲಿನ ಕೆಳಗೆ ಮುಚ್ಚಿಟ್ಟಿದ್ದ ಕಾರನ್ನು ಈಗ ಮಾರಬೇಕು, ಬಂದು ಇಂಜಿನ್ ನೋಡಿ ಹೇಳಿ ಎಂದು ತಾನಾಗಿ ಫೋನು ಮಾಡಿದ್ದ.

ಇಂಥ ಕಾರಿನ ಬೆಲೆಯೆಲ್ಲ, ಹುಟ್ಟಿದಾಗಿನ ಇಂಜಿನ್ನೇ ಅದರಲ್ಲಿ ಉಳಿದಿದೆಯೇ ಎಂಬುದರ ಮೇಲೆ ನಿಂತಿದೆ. ಕಾರ್ಖಾನೆಯಲ್ಲಿ ಇಂಜಿನ್ನಿನ ಮುಂದೆ, ಬಲಕ್ಕೆ, ಬೆರಳಗಲದ ಚಪ್ಪಟೆ ಜಾಗದಲ್ಲಿ ಕಾರಿನ ಸಂಖ್ಯೆಯ ಕೊನೆಯ ಅಂಕಿಗಳನ್ನು ಒತ್ತುತ್ತಿದ್ದರು. ಮೋಸಗಾರರು ಅದನ್ನು ಉಜ್ಜಿ ಬೇರೆ ಅಂಕಿ ಒತ್ತುವುದುಂಟು. ಆದರೆ ಆ ಜಾಗವನ್ನು ಮೊದಲು ಹೆರೆದ ಯಂತ್ರ ಕೂದಲೆಳೆಯಂಥ ಗೆರೆಗಳನ್ನು ಬಿಟ್ಟಿರುತ್ತದೆ. ಉಜ್ಜಿದರೆ ಗೆರೆ ಮಾಯ. ಇಂಜಿನ್ ಕಾರ್ಖಾನೆಯಲ್ಲೇ ತಲೆ ನರೆಸಿಕೊಂಡ ಲೈಲ್‌ಗೆ ಇದೆಲ್ಲ ಕರತಲಾಮಲಕ. ಸಕ್ಕರೆ ಕಾಯಿಲೆ ಅವನ ದೃಷ್ಟಿ ತಿಂದ ಮೇಲೆ ನೋಡುವುದು ಆರ್ಡಿತ್, ತೀರ್ಪು ಹೇಳುವುದು ಲೈಲ್.

ಇಂಜಿನ್ನಿನ ಮುಂದೆ ಬಗ್ಗಿದಾಗಲೆಲ್ಲ ಅವಳಿಗೆ ಅಣ್ಣನ ಕಾರು ನೆನಪಾಗುತ್ತಿತ್ತು. ಅವಳಣ್ಣ ರಾಲಿನ್‌ಗೆ ಒಂದು ಹಳದಿ ಶೆವೆಲ್ ಇತ್ತು. ಎಷ್ಟೋ ವರ್ಷಗಳ ಹಿಂದೆ, ಚಳಿಗಾಲದ ಮೊದಲಲ್ಲಿ, ಅಪ್ಪನೊಡನೆ ಜಗಳವಾಡಿ ಅದನ್ನು ಹತ್ತಿ ಹೋದವನು ಮತ್ತೆ ಬರಲಿಲ್ಲ. ಕಾರೂ ಸಿಗಲಿಲ್ಲ. "ಕಾರು ಸಿಕ್ಕಿಲ್ಲ ಅಂದ್ರೆ ಎಲ್ಲೋ ಓಡಿಸ್ತಾ ಇದಾನೆ ಅಂತಲೇ ಅರ್ಥ," ಎನ್ನುತ್ತಿದ್ದಳು ಅಮ್ಮ. ಜಿಲ್ಲೆಯ ಪೊಲೀಸ್ ಮುಖ್ಯಸ್ಥ ಷೆರಿಫ್ ಬದಲಾದಾಗಲೆಲ್ಲ ಹೋಗಿ ಕಾರಿನ ಸಂಖ್ಯೆಯನ್ನು ಜಪಮಾಲೆಯಂತೆ ಒಪ್ಪಿಸಿ ಬರುತ್ತಿದ್ದಳು. ಮಗ ಕ್ಯಾಲಿಫೋರ್ನಿಯಾದ ಬಿಸಿಲಲ್ಲಿದ್ದಾನೆ ಎಂದು ನಂಬಿಕೊಂಡೇ ಕಣ್ಣು ಮುಚ್ಚಿದಳು. ಆ ನಂಬಿಕೆ ಆರ್ಡಿತ್‌ಗೆ ಬಳುವಳಿಯಾಗಿ ಬಂದಿತ್ತು. ಆ ಕಾರು ಇಡಿಯಾಗಿ ಎಲ್ಲೋ ಓಡುತ್ತಿರುವ ತನಕ ಅಣ್ಣ ಬದುಕಿದ್ದಾನೆ.

ಇಂಜಿನ್ನಿನ ಮೇಲೆ ಕಿತ್ತಳೆ ಬಣ್ಣ ಮೂರು ಪದರ ಬಳಿದಂತೆ ದಪ್ಪಗಿತ್ತು. ಎಮೆಟ್ ಬಣ್ಣ ಕರಗಿಸುವ ಎಣ್ಣೆಯನ್ನೂ ಮೆತ್ತನೆಯ ಬಟ್ಟೆಯನ್ನೂ ಅವಳ ಕೈಗಿಟ್ಟು ದೂರ ಹೋಗಿ ನಿಂತ. ಲೈಲ್ ಟಾರ್ಚು ಹಿಡಿದ. ಅವಳು ಕುರ್ಚಿಯಲ್ಲಿ ಕುಳಿತು ನಿಧಾನವಾಗಿ ಒರೆಸಿದಳು.

"ಗೆರೆ ಇದ್ಯಾ?"

"ಇದೆ. ಒಂದೂ ಕೆಟ್ಟಿಲ್ಲ."

"ಹಂಗಾದ್ರೆ ಯಾರೂ ಕೈ ಹಚ್ಚಿಲ್ಲ. ಅಂಕಿ ಓದು."

"ಮೂರು, ನಾಲ್ಕು, ಒಂದು..."

"ಅಯ್ಯೋ ಎಮೆಟ್, ಫೋನಲ್ಲಿ ನೀನು ಹೇಳಿದ ಕಾರಿನ ನಂಬರಿನ ಕೊನೆ ಅಂಕಿಗಳು ಎರಡರಿಂದ ಶುರು. ಯಾವನೋ ನಿಂಗೆ ಟೋಪಿ ಹಾಕಿದಾನೆ ಕಣಯ್ಯಾ! ಮುಂದೆ ಓದು, ಆರ್ಡಿ."

ಅವಳು ಕಣ್ಣು ಮುಚ್ಚಿದ್ದಳು. ಮುಚ್ಚಿಕೊಂಡೇ, ಅಮ್ಮನ ರಾಗದಲ್ಲೇ ಹೇಳಿದಳು: "ಏಳು, ಸೊನ್ನೆ, ಎಂಟು."

ಅತ್ತೆಯ ಮನೆಯ ಊಟದ ಮೇಜಿನಲ್ಲಿ ಆ ರಾಗವನ್ನು ಲೈಲ್ ಎಷ್ಟೋ ಸಲ ಕೇಳಿದ್ದ. ಕಣ್ಣು ಬಿಟ್ಟರೆ ಕಬ್ಬಿಣವೂ ಅದನ್ನೇ ಹೇಳುತ್ತಿತ್ತು. ಏಳು, ಸೊನ್ನೆ, ಎಂಟು.

"ಉಜ್ಜಿ ಹಾಕು ಅಂದಿದ್ದ ಅಪ್ಪ," ಎಂದ ಎಮೆಟ್, ನೆಲ ನೋಡುತ್ತ. "ಅರ ಕೈಗೆ ಕೊಟ್ಟು ಹೋದ. ನನ್ನ ಕೈಲಾಗ್ಲಿಲ್ಲ. ಬಣ್ಣ ಬಳಿದೆ."

"ಏನಾಯ್ತು?" ಎಂದಳು ಆರ್ಡಿತ್.

"ರಾಲಿನ್ ಕ್ವಾರಿ ರಸ್ತೇಲಿ ಟೈರು ಬದಲಾಯಿಸ್ತಾ ಕೂತಿದ್ದ. ಮಂಜು. ಅಪ್ಪ ಕುಡಿದಿದ್ದ, ಲಾರೀಗೆ ದೀಪ ಇರ್ಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಅಲ್ಲೇ ಪ್ರಾಣ ಹೋಗಿತ್ತು. ಕಾರಿಗೆ ಏನೂ ಆಗಿರ್ಲಿಲ್ಲ. ಮುಳುಗಿಸೋಣ ಅಂತ ತಂದ. ಆಮೇಲೆ ಬಾನೆಟ್ ಎತ್ತಿ ನೋಡಿ, ಇಷ್ಟು ಒಳ್ಳೆ ಇಂಜಿನ್ ನೀರಿಗೆ ಯಾಕೆ ಹಾಕ್ಬೇಕು ಅಂದ. ಕಿತ್ತು ಇದಕ್ಕೆ ಹಾಕ್ದ."

ಲೈಲ್ ಟಾರ್ಚು ಆರಿಸಿದ. ಆ ಮನುಷ್ಯನ ಲೆಕ್ಕಾಚಾರ ಅವನಿಗೆ ತಟ್ಟನೆ ಅರ್ಥವಾಗಿತ್ತು. ಅರ್ಥವಾಯಿತಲ್ಲ ಎಂದು ನಾಚಿಕೆಯೂ ಆಗಿತ್ತು.

"ಅಣ್ಣ ಎಲ್ಲಿದಾನೆ?"

ಎಮೆಟ್ ಬಾಗಿಲ ಕಡೆ ಕೈ ತೋರಿಸಿದ. ಹೊರಗೆ, ಜಲ್ಲಿ ತೆಗೆದ ಹಳ್ಳದಲ್ಲಿ ನೀರು ಸೀಸದಂತೆ ನಿಂತಿತ್ತು. "ಕಾರಲ್ಲೇ ಇದಾನೆ. ನನ್ನ ಕೋಟು ಹೊದಿಸಿದೆ. ತುಂಬಾ ಚಳಿ ಇತ್ತು."

"ನಿಮ್ಮಪ್ಪನ ಮಣ್ಣಿಗೆ ನಮ್ಮಮ್ಮ ಬಂದಿದ್ಲು," ಎಂದಳು ಆರ್ಡಿತ್. "ಕುಂಬಳಕಾಯಿ ಬ್ರೆಡ್ ಮಾಡ್ಕೊಂಡು."

"ಗೊತ್ತು."

"ನೀನು ತಿಂದ್ಯಾ?"

"ತಿಂದೆ."

ಕೊಟ್ಟಿಗೆಯ ತಗಡಿನ ಮೇಲೆ ಒಣ ಎಲೆಗಳು ಉರುಳಿದವು.

"ಷೆರಿಫ್‌ಗೆ ಹೇಳಿದೀನಿ, ಬರ್ತಾ ಇದಾರೆ," ಎಂದ ಎಮೆಟ್. "ಬೇರೆಯೋರು ನೋಡೋ ಮುಂಚೆ ನೀವೇ ಓದ್ಬೇಕು ಅನ್ನಿಸ್ತು. ಎಷ್ಟು ಸಲ ನಿಮ್ಮ ಮನೆ ಬಾಗಿಲ ತನಕ ಬಂದೆ. ಬಾಯಿ ಬರ್ಲಿಲ್ಲ."

ಆಗ ಅವಳಿಗೆ ಹೊಳೆಯಿತು. ಕುರ್ಚಿ ಹಾಕಿದ್ದು ಮಂಡಿನೋವಿಗಲ್ಲ, ಆ ಅಂಕಿ ಓದುವವಳಿಗೆ.

ಅವಳು ಎದ್ದಳು. ದಿಂಬನ್ನು ಕಾರಿನ ಮೇಲಿಟ್ಟು, ಬರಿಯ ಕುರ್ಚಿಯನ್ನು ಎತ್ತಿಕೊಂಡು ಹೊರಗೆ ನಡೆದಳು. ಲೈಲ್ ಅವಳ ತೋಳು ಹಿಡಿದು ತಡವರಿಸುತ್ತ ಹಿಂದೆಯೇ ಹೋದ. ನೀರಿನ ಅಂಚಿಗೆ ಕುರ್ಚಿ ಹಾಕಿ ಕುಳಿತಳು. ಅಣ್ಣನನ್ನು ಮೇಲೆತ್ತುವವರು ಬರುವವರೆಗೆ ಅವನೊಬ್ಬನೇ ಇರಬೇಕಾಗಿಲ್ಲ.

ಗಾಳಿ ಕೊರೆಯುತ್ತಿತ್ತು. ತಿರುಗಿದಾಗ ಎಮೆಟ್ ಕೊಟ್ಟಿಗೆಯ ಬಾಗಿಲಲ್ಲಿ ಕಂಡ. ತೋಳಿನ ಮೇಲೆ ಒಂದು ಕೋಟು ಮಡಿಸಿ ಹಿಡಿದಿದ್ದ. ತರಲು ಧೈರ್ಯವಿಲ್ಲದೆ, ಒಳಗೆ ಹೋಗಲೂ ಆಗದೆ ನಿಂತಿದ್ದ. ಅವಳು ಅದನ್ನೂ ನೋಡಿದಳು. ಬಾ ಎನ್ನಲಿಲ್ಲ.